ವಾಮಪತನ ಮೀಮಾಂಸೆ: ಓವರ್‌ಸ್ಟೇಬಲ್ ಅಪ್ರೋಚ್ ಡಿಸ್ಕಿನ ಆಯ್ಕೆ, ಒಂದು ತಾತ್ವಿಕ ಅನುಸಂಧಾನ

1. ಪ್ರಾಸ್ತಾವಿಕ

ಡಿಸ್ಕ್ ಗಾಲ್ಫ್ ಎಂಬ ಕ್ರೀಡಾಸಂಕಥನದ ಬಹುಮುಖಿ ನೆಲೆಗಳನ್ನು ಅವುಗಳ ಸಾಂಸ್ಕೃತಿಕ ಹಿನ್ನೆಲೆಯಲ್ಲಿ ಮುಖಾಮುಖಿಯಾಗಿಸಿ, ಓವರ್‌ಸ್ಟೇಬಲ್ ಅಪ್ರೋಚ್ ಡಿಸ್ಕಿನ ಆಯ್ಕೆಯೆಂಬ ಜಟಿಲ ಪ್ರಶ್ನೆಯನ್ನು ಮುನ್ನೆಲೆಗೆ ತರುವುದು ಪ್ರಸ್ತುತ ಅಧ್ಯಯನದ ಮೂಲ ಆಶಯವಾಗಿರುತ್ತದೆ. ಸಾಮಾನ್ಯರ ಮಾತಿನಲ್ಲಿ ಹೇಳುವುದಾದರೆ, ಪಾರ್ಕಿನಲ್ಲಿ ಬುಟ್ಟಿಗೆ ಗುರಿಯಿಟ್ಟು ಎಸೆಯಲು ಯಾವ ಪ್ಲಾಸ್ಟಿಕ್ ತಟ್ಟೆ ಕೊಳ್ಳಬೇಕು ಎಂಬುದೇ ವಿಷಯ. ಆದರೆ ಸಾಮಾನ್ಯರ ಮಾತಿನಲ್ಲಿ ಹೇಳಿದ್ದು ಅಧ್ಯಯನ ಅನ್ನಿಸಿಕೊಳ್ಳುವುದಿಲ್ಲವಾದ್ದರಿಂದ ಇನ್ನು ಮುಂದೆ ಹಾಗೆ ಹೇಳಲಾಗುವುದಿಲ್ಲ.

ಅಧ್ಯಯನದ ವ್ಯಾಪ್ತಿಯನ್ನು ಕ್ಯಾಲಿಫೋರ್ನಿಯಾದ ಸಾರ್ವಜನಿಕ ಉದ್ಯಾನಗಳಿಗೆ ಸೀಮಿತಗೊಳಿಸಲಾಗಿದೆ. ಸಂಶೋಧಕನ ಬಾಡಿಗೆ ಮನೆ ಅಲ್ಲೇ ಹತ್ತಿರ ಇರುವುದು ಇದರ ವೈಧಾನಿಕ ಕಾರಣ. ಮಿತಿಯೂ ಒಂದುಂಟು: ಇಲ್ಲಿನ ಸಕಲ ಸಿದ್ಧಾಂತಗಳೂ ಬಲಗೈಯಿಂದ ಬ್ಯಾಕ್‌ಹ್ಯಾಂಡ್ ಎಸೆಯುವವರಿಗೆ ಮಾತ್ರ ಅನ್ವಯಿಸುತ್ತವೆ. ಎಡಗೈಯವರು ಇಡೀ ಪ್ರಬಂಧವನ್ನು ಕನ್ನಡಿಯಲ್ಲಿ ಓದತಕ್ಕದ್ದು. ಬಲಗೈಯವರೇ ಫೋರ್‌ಹ್ಯಾಂಡ್ ಎಸೆದರೂ ಡಿಸ್ಕು ಉಲ್ಟಾ ತಿರುಗುವುದರಿಂದ ಶೀರ್ಷಿಕೆಯ 'ವಾಮ' ಬಲಕ್ಕೆ ಬೀಳುತ್ತದೆ. ಇದನ್ನು ಮಾರ್ಗದರ್ಶಕರ ಗಮನಕ್ಕೆ ತರಲಾಯಿತು. ಶೀರ್ಷಿಕೆ ಈಗಾಗಲೇ ನೋಂದಣಿಯಾಗಿದೆ, ಬದಲಿಸಲು ಬರುವುದಿಲ್ಲ ಎಂದರು.

2. ಪೂರ್ವಸೂರಿಗಳ ಸ್ಮರಣೆ

ಈ ಶಾಸ್ತ್ರದ ಆದಿಯಲ್ಲಿ ಶಾಸ್ತ್ರವೇ ಇರಲಿಲ್ಲ. ಫ್ರೆಡ್ ಮಾರಿಸನ್ ಎಂಬಾತ ರೂಪಿಸಿದ ಹಾರುವ ತಟ್ಟೆಯನ್ನು 1957ರಲ್ಲಿ ವ್ಯಾಮ್-ಓ ಕಂಪನಿ ಮಾರಲು ಹಿಡಿಯಿತು; ಅದಕ್ಕೆ ಫ್ರಿಸ್ಬಿ ಎಂಬ ಹೆಸರು ಅಂಟಿಕೊಂಡಿತು. ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ತಟ್ಟೆಯ ಬೆನ್ನ ಮೇಲೆ ಉಂಗುರದಂಥ ಗೆರೆಗಳನ್ನು ಎಬ್ಬಿಸಿ, ಅದು ಗಾಳಿಯಲ್ಲಿ ಅಲುಗದಂತೆ ಮಾಡಿದ. 1975ರಲ್ಲಿ ಲಾಸ್ ಏಂಜಲೀಸ್ ಬಳಿಯ ಓಕ್ ಗ್ರೋವ್ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫಿನ ಮೊದಲ ಕಾಯಂ ಕೋರ್ಸು ಅವನಿಂದಲೇ ಆಯಿತು. ಶುರುವಿನಲ್ಲಿ ಗುರಿ ಎಂದರೆ ಬರೀ ಕಂಬ. ಕಂಬಕ್ಕೆ ತಟ್ಟೆ ತಗುಲಿತೋ ಇಲ್ಲವೋ ಎಂಬ ಜಗಳ ಹೆಚ್ಚಾದ ಮೇಲೆ ಸರಪಳಿ ಇಳಿಬಿಟ್ಟು, ಕೆಳಗೊಂದು ಬುಟ್ಟಿ ಕೂರಿಸಿ, 1977ರಲ್ಲಿ ಅದಕ್ಕೆ ಪೇಟೆಂಟ್ ಪಡೆದ.

ಆ ಪಾರ್ಕಿನ ಪಕ್ಕದಲ್ಲೇ ಗ್ರಹಗಳಿಗೆ ನೌಕೆ ಕಳಿಸುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಇದೆ. ಅಲ್ಲಿಯ ಎಂಜಿನಿಯರುಗಳು ಬೇಲಿ ದಾಟಿ ಬಂದು ತಟ್ಟೆಯ ಹಾರಾಟದ ಬಗ್ಗೆ ಉಪನ್ಯಾಸ ಕೊಟ್ಟ ದಾಖಲೆ ಸಂಶೋಧಕನಿಗೆ ಸಿಕ್ಕಿಲ್ಲ. ಅವರಿಗೆ ಬೇರೆ ಕೆಲಸವಿತ್ತು.

1983ರಲ್ಲಿ ಡೇವ್ ಡನಿಪೇಸ್ ಅಂಚನ್ನು ಓರೆಯಾಗಿ ತೀಡಿದ ಡಿಸ್ಕನ್ನು ತಂದದ್ದೇ ತಡ, ಯುಗ ಬದಲಾಯಿತು. ದುಂಡಂಚಿನ ತಟ್ಟೆ ಗಾಳಿಗೆ ತಡೆಯೊಡ್ಡುತ್ತಿದ್ದಲ್ಲಿ ಇದು ಗಾಳಿ ಸೀಳಿ ದೂರ ಹೋಯಿತು. ದೂರ ಹೋದದ್ದು ಡಿಸ್ಕು ಮಾತ್ರವಲ್ಲ, ಮಾತೂ ಕೂಡ. ಅಲ್ಲಿಯವರೆಗೆ ತಟ್ಟೆ ಎಸೆಯುವವರಿದ್ದರು. ಅಲ್ಲಿಂದಾಚೆಗೆ ವಿದ್ವಾಂಸರು ಹುಟ್ಟಿಕೊಂಡರು.

3. ಲಕ್ಷಣ ನಿರೂಪಣೆ

'ವೇಗಕ್ಷಯೇ ವಾಮಪತನಶೀಲತ್ವಂ ಓವರ್‌ಸ್ಟೇಬಲತ್ವಂ' ಎಂಬುದು ಸೂತ್ರ. ಸೂತ್ರಕಾರ ಈ ಪ್ರಬಂಧದ ಲೇಖಕನೇ. ಸಂಸ್ಕೃತದಲ್ಲಿ ಹೇಳಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲವೆಂಬ ಭರವಸೆಯಿಂದ ರಚಿಸಿದ್ದು. ಇನ್ನು ಭಾಷ್ಯ.

ಬಲಗೈ ಬ್ಯಾಕ್‌ಹ್ಯಾಂಡಿನಲ್ಲಿ ಎಸೆದ ಡಿಸ್ಕು, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತಿರುತ್ತದೆ. ವೇಗ ಇರುವಾಗ ಗಾಳಿ ಎತ್ತುವ ಬಲ ಡಿಸ್ಕಿನ ನಡುವಿಗಿಂತ ತುಸು ಹಿಂದೆ ಬೀಳುವುದರಿಂದ ಮೂತಿ ತಗ್ಗಲು ನೋಡುತ್ತದೆ. ವೇಗ ಇಳಿದಂತೆ ಆ ಬಲ ಮುಂದಕ್ಕೆ ಸರಿದು ಮೂತಿ ಏಳಲು ನೋಡುತ್ತದೆ. ಆದರೆ ಗಿರಗಿರ ತಿರುಗುವ ವಸ್ತುವಿನ ಬುದ್ಧಿಯೇ ವಕ್ರ: ಮುಂದೆ ಒತ್ತಿದರೆ ಪಕ್ಕಕ್ಕೆ ವಾಲುತ್ತದೆ. ಹೀಗಾಗಿ ಮೂತಿ ತಗ್ಗಬೇಕಾದಾಗ ಡಿಸ್ಕು ಬಲಕ್ಕೆ ವಾಲುತ್ತದೆ, ಏಳಬೇಕಾದಾಗ ಎಡಕ್ಕೆ. ಬಲಕ್ಕೆ ವಾಲುವುದು ಟರ್ನ್, ಎಡಕ್ಕೆ ವಾಲುವುದು ಫೇಡ್. ಬಲಕ್ಕೆ ವಾಲುವುದನ್ನೇ ಒಲ್ಲೆನೆಂದು, ಎಡಕ್ಕೆ ಬೇಗನೆ, ಪಟ್ಟು ಹಿಡಿದು ವಾಲುವುದೇ ಓವರ್‌ಸ್ಟೇಬಲ್. ಅಂಚಿನ ಚೂಪು ಎತ್ತರದಲ್ಲಿದ್ದಷ್ಟೂ ಈ ಗುಣ ಹೆಚ್ಚು. ಅಂಚಿನ ಅಡಿಯಲ್ಲಿ ಬೀಡ್ ಎಂಬ ಸಣ್ಣ ಉಬ್ಬಿದ್ದರೆ ಅದೂ ಕೈಜೋಡಿಸುತ್ತದೆ.

ಇಂಥದ್ದು ಬೇಕಾಗುವುದು ಅಪ್ರೋಚಿಗೆ, ಅಂದರೆ ಬುಟ್ಟಿ ಹತ್ತಿರವಿದ್ದಾಗ, ಸುಮಾರು 60 ಮೀಟರಿನೊಳಗೆ. ಎದುರುಗಾಳಿಗೆ ಸಾಮಾನ್ಯ ಡಿಸ್ಕು ಬಲಕ್ಕೆ ಮಗುಚಿಕೊಳ್ಳುತ್ತದೆ, ಇದು ಮಗುಚುವುದಿಲ್ಲ. ಫೋರ್‌ಹ್ಯಾಂಡಿನಲ್ಲಿ ಮಣಿಕಟ್ಟು ಜೋರಾಗಿ ಸಿಡಿದರೂ ಅದುರದೆ ತಾಳಿಕೊಳ್ಳುತ್ತದೆ. ತೇಲುವ ಆಸೆ ಕಡಿಮೆಯಾದ್ದರಿಂದ ಬುಟ್ಟಿ ದಾಟಿ ಕಣಿವೆಗೆ ಹೋಗುವ ಭಯವಿಲ್ಲ. ಇಷ್ಟೇ ಸಂಗತಿ. ಕಾಫಿ ಆರುವುದರೊಳಗೆ ಹೇಳಿ ಮುಗಿಸಬಹುದಾದದ್ದು. ಆದ್ದರಿಂದ ಮುಂದಿನ ಅಧ್ಯಾಯಗಳ ಅಗತ್ಯ ಬಿದ್ದಿದೆ.

4. ಪ್ರಮಾಣ ವಿಚಾರ

ಒಂದು ಡಿಸ್ಕು ಓವರ್‌ಸ್ಟೇಬಲ್ ಎಂದು ತಿಳಿಯುವುದು ಹೇಗೆ? ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳು ಮೂರು. ಎಸೆದು ನೋಡುವುದು ಪ್ರತ್ಯಕ್ಷ. ಇದನ್ನು ವಿದ್ವಾಂಸರು ಅಷ್ಟಾಗಿ ಪುರಸ್ಕರಿಸುವುದಿಲ್ಲ, ಬೆವರು ಬರುತ್ತದೆ. ಡಿಸ್ಕನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಬೆನ್ನು ಎಷ್ಟು ಉಬ್ಬಿದೆ ಎಂದು ನೋಡಿ 'ಹ್ಞೂಂ' ಎನ್ನುವುದು ಅನುಮಾನ. ಡಿಸ್ಕಿನ ಮೇಲೆ ಅಚ್ಚಾದ ನಾಲ್ಕು ಅಂಕಿಗಳನ್ನು ನಂಬುವುದು ಶಬ್ದ.

ಈ ನಾಲ್ಕು ಅಂಕಿಗಳು ವೇಗ, ತೇಲು, ಟರ್ನ್, ಫೇಡ್. ಇನ್ನೋವಾ ಕಂಪನಿ ಬಳಕೆಗೆ ತಂದ ಪದ್ಧತಿ. ಈಗ ನೋಡಿ: ಮಿಷಿಗನ್ನಿನ ಡಿಸ್ಕ್‌ಕ್ರಾಫ್ಟ್ ಮಾಡುವ ಝೋನ್ 4, 3, 0, 3. ಫಿನ್ಲೆಂಡಿನಲ್ಲಿ ಹುಟ್ಟಿದ ವೆಸ್ಟ್‌ಸೈಡಿನ ಹಾರ್ಪ್ 4, 3, 0, 3. ಸ್ವೀಡನ್ನಿನ ಕಾಸ್ಟಾಪ್ಲಾಸ್ಟ್‌ನ ಯಾರ್ನ್ 4, 3, 0, 3. ಮೂರರ ಜಾತಕವೂ ಒಂದೇ. ಆದರೂ ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ವಾದ ದ್ವೈತಾದ್ವೈತಗಳ ವಾದಕ್ಕಿಂತ ಬಿಸಿಯಾಗಿ ನಡೆಯುತ್ತದೆ. ನಡೆಯಲೇಬೇಕು, ಏಕೆಂದರೆ ಈ ಅಂಕಿಗಳನ್ನು ಯಾವ ಮೂರನೆಯವರೂ ಅಳೆದು ಕೊಟ್ಟದ್ದಲ್ಲ. ಆಟದ ಸಂಸ್ಥೆಯಾದ ಪಿಡಿಜಿಎ ಅಳೆಯುವುದು ಡಿಸ್ಕಿನ ಮೈಕಟ್ಟನ್ನು: ವ್ಯಾಸ 21 ಸೆಂಟಿಮೀಟರಿಗೆ ಕಡಿಮೆ ಇರಬಾರದು, ಪ್ರತಿ ಸೆಂಟಿಮೀಟರ್ ವ್ಯಾಸಕ್ಕೆ 8.3 ಗ್ರಾಂ ಮೀರಬಾರದು, ಒಟ್ಟು ತೂಕ 200 ಗ್ರಾಂ ದಾಟಬಾರದು ಎಂಬಂಥವು. ಅದು ಹೇಗೆ ಹಾರುತ್ತದೆ ಎಂಬುದನ್ನು ಮಾಡಿದವನೇ ಹೇಳುತ್ತಾನೆ, ಮಾರುವವನೇ ಅಚ್ಚು ಹಾಕುತ್ತಾನೆ. ಅಂಗಡಿಯವನ ಮಾತನ್ನು ವೇದವಾಕ್ಯವೆಂದು ಒಪ್ಪಿದ ದರ್ಶನ ಭಾರತದಲ್ಲಂತೂ ಹುಟ್ಟಿರಲಿಲ್ಲ.

5. ವರ್ಗೀಕರಣ

ಓವರ್‌ಸ್ಟೇಬಲ್ ಅಪ್ರೋಚ್ ಡಿಸ್ಕುಗಳಲ್ಲಿ ಸಪ್ತಭೇದಗಳು.

ಅ) ಧಾತುಭೇದ. ಅಗ್ಗದ ಮೆತ್ತನೆ ಪ್ಲಾಸ್ಟಿಕ್ಕು ಮರಕ್ಕೆ ಬಡಿದು ಬಡಿದು ಬೇಗ ಸವೆದು ಎಡಕ್ಕೆ ವಾಲುವ ಪಟ್ಟು ಕಳೆದುಕೊಳ್ಳುತ್ತದೆ. ದುಬಾರಿ ಗಟ್ಟಿ ಪ್ಲಾಸ್ಟಿಕ್ಕು ವರ್ಷಗಟ್ಟಲೆ ಉಳಿಸಿಕೊಳ್ಳುತ್ತದೆ. ಇದು ನಿಜ, ಉಪಯುಕ್ತವೂ ಹೌದು. ಕಣ್ತಪ್ಪಿನಿಂದ ಇಲ್ಲಿ ಸೇರಿಕೊಂಡಿದೆ.

ಆ) ಪೃಷ್ಠಭೇದ. ಬೆನ್ನು ಚಪ್ಪಟೆಯಾದದ್ದು, ಉಬ್ಬಿದ್ದು, ಉಂಗುರವಿದ್ದದ್ದು ಎಂದು ಮೂರು ವಿಧ. ಕಾಸ್ಟಾಪ್ಲಾಸ್ಟ್‌ನ ಬರ್ಗ್ ಎಂಬುದರ ಬೆನ್ನಿನ ಮೇಲೆ ಹೆಬ್ಬೆರಳು ಕೂರುವಂತೆ ತಗ್ಗಿದೆ. ಅದರ ಅಂಕಿ 1, 1, 0, 2. ಎಸೆದ ಕಡೆ ಹೋಗಿ ಬೀಳುತ್ತದೆ, ಮತ್ತೇನೂ ಮಾಡುವುದಿಲ್ಲ. ಇಷ್ಟು ಕರ್ತವ್ಯನಿಷ್ಠೆಯನ್ನು ಸಂಶೋಧಕ ಬೇರೆ ಯಾರಲ್ಲೂ ಕಂಡಿಲ್ಲ.

ಇ) ಮುದ್ರಾಭೇದ. ಡಿಸ್ಕಿನ ಮೇಲೆ ಪ್ರಸಿದ್ಧ ಆಟಗಾರರ ಹೆಸರೋ, ಡ್ರ್ಯಾಗನ್ನೋ, ತಲೆಬುರುಡೆಯೋ ಇದ್ದರೆ ಬೆಲೆ ಏರುತ್ತದೆ. ಹಾರಾಟ ಏರುವುದಿಲ್ಲ.

ಈ) ಸಂತತಿಭೇದ. ಅಚ್ಚಿನಿಂದ ಮೊದಲ ಸಲ ಹೊರಬಿದ್ದ ಕಂತು, ಎರಡನೆಯ ಕಂತು, ಕಂಪನಿ ನಿಲ್ಲಿಸಿ ಮತ್ತೆ ಶುರು ಮಾಡಿದ ಕಂತು. 'ಹಳೇ ರನ್ನಿನ ಫೇಡ್ ಈಗಿನದಕ್ಕಿಲ್ಲ' ಎಂದು ನಿಟ್ಟುಸಿರು ಬಿಡುವವರನ್ನು ನವೋದಯೋತ್ತರ ವಿಷಾದವಾದಿಗಳೆಂದು ಗುರುತಿಸಲಾಗಿದೆ.

ಉ) ವರ್ಣಭೇದ. ಕೆಂಪು ಡಿಸ್ಕು ಬಿಳಿಯದಕ್ಕಿಂತ ಹೆಚ್ಚು ಓವರ್‌ಸ್ಟೇಬಲ್ ಎಂದು ವಾದಿಸುವವರೂ

ಸಾಕು. ಇನ್ನೆರಡು ಭೇದಗಳು ಯಾರಿಗೆ ಬೇಕೋ ಅವರೇ ಬರೆದುಕೊಳ್ಳಲಿ.

6. ಕ್ಷೇತ್ರಕಾರ್ಯ

ಬೇ ಏರಿಯಾದ ಪಾರ್ಕೊಂದರಲ್ಲಿ, ಒಂದು ಭಾನುವಾರ. ಮಾಹಿತಿದಾರರು ಮೂವರು: ಮಗಳ ಮನೆಗೆಂದು ಅರಸೀಕೆರೆ ಕಡೆಯಿಂದ ಬಂದ ಅಜ್ಜ, ಒಂಬತ್ತು-ಹತ್ತು ವರ್ಷದ ಮೊಮ್ಮಗ, ಮತ್ತು ನಮ್ಮವರೇ ಆದ ಒಬ್ಬ ಪಂಡಿತರು. ಪಂಡಿತರ ಜೊತೆ ಚಕ್ರದ ಬಂಡಿ, ಬಂಡಿಯಲ್ಲಿ ಬಣ್ಣದ ಪ್ರಕಾರ ಜೋಡಿಸಿಟ್ಟ ಡಿಸ್ಕುಗಳ ಸಾಲು, ಕೈ ಒರೆಸಲು ಟವೆಲ್, ಹಿಡಿತಕ್ಕೆ ಪುಡಿಯ ಚೀಲ. ಹುಡುಗನ ಕೈಯಲ್ಲಿ ಎಲ್ಲೋ ಉಡುಗೊರೆಯಾಗಿ ಸಿಕ್ಕ ದಪ್ಪಂಚಿನ ಹಳದಿ ಫ್ರಿಸ್ಬಿ. ಅವನು ಅದನ್ನು ಎಸೆದ. ಅದು ಅಲ್ಲಾಡುತ್ತಾ ಹೋಗಿ ಪೊದೆಗೆ ಬಿತ್ತು. ಅಜ್ಜ ಚಪ್ಪಾಳೆ ತಟ್ಟಿದರು. ಹುಡುಗ ಓಡಿ ಹೋಗಿ ಎತ್ತಿಕೊಂಡು ಬಂದ.

"ಅಂಕಲ್, ಇದು ಬೀಚಲ್ಲಿ ಆಡೋ ಫ್ರಿಸ್ಬಿ," ಎಂದರು ಪಂಡಿತರು. "ಇದರಲ್ಲಿ ಎಸೆದ್ರೆ ಮಗು ಫಾರ್ಮ್ ಹಾಳಾಗುತ್ತೆ. ಮಿನಿಮಮ್ ಒಂದು ಪಟರ್, ಒಂದು ಮಿಡ್‌ರೇಂಜ್, ಅಪ್ರೋಚ್‌ಗೆ ಒಂದು ಓವರ್‌ಸ್ಟೇಬಲ್ ಬೇಕೇ ಬೇಕು."

"ಅಲ್ಲಪ್ಪಾ, ಆ ಬುಟ್ಟೀಗ್ ಬಿದ್ರೆ ಸಾಕಲ್ವಾ?"

"ಬೀಳೋದು ಮುಖ್ಯ ಅಲ್ಲ ಅಂಕಲ್. ಹೆಂಗೆ ಬೀಳುತ್ತೆ ಅನ್ನೋದು ಮುಖ್ಯ."

ಆಮೇಲೆ ಕೊರೆತ ಶುರುವಾಯಿತು. ವೇಗ, ತೇಲು, ಟರ್ನ್, ಫೇಡ್. ಬಂಡಿಯಿಂದ ಒಂದೊಂದೇ ಡಿಸ್ಕು ಹೊರಬಂತು, ಹುಡುಗನ ಕಣ್ಣ ಮುಂದೆ ಹೊರಳಿ ಒಳಗೆ ಹೋಯಿತು. ಒಂದನ್ನಾದರೂ 'ತಗೋ, ಎಸೆದು ನೋಡು' ಎನ್ನಲಿಲ್ಲ. ಗೀರು ಬೀಳುತ್ತದಲ್ಲ. ಕೇಳುತ್ತಾ ಕೇಳುತ್ತಾ ಹುಡುಗ ಹಳದಿ ಫ್ರಿಸ್ಬಿಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ. ಅಜ್ಜನ ಅಂಗಿ ಜಗ್ಗಿ "ಮನೆಗ್ ಹೋಗೋಣ" ಎಂದ.

ಅಧ್ಯಯನದ ಭಾಷೆ ಇಲ್ಲಿಗೆ ಕೈಕೊಟ್ಟಿದೆ.

ಯಾವ ಅಧಿಕಾರದ ಮೇಲೆ, ಸ್ವಾಮಿ? ಹೆಡ್ರಿಕ್ ಈ ಆಟವನ್ನು ಕ್ಲಬ್ಬಿನ ಗೋಡೆಯೊಳಗೆ ಇಡಲಿಲ್ಲ, ಪಾರ್ಕಿನಲ್ಲಿ ಇಟ್ಟ. ಅಸಲಿ ಗಾಲ್ಫಿಗೆ ಬೇಕಾದ ಸದಸ್ಯತ್ವ, ಕೋಲುಗಳ ಚೀಲ, ಹುಲ್ಲಿಗೆ ಸುರಿಯುವ ನೀರು, ಇವ್ಯಾವುದೂ ಇಲ್ಲದೆ ಒಂದು ತಟ್ಟೆ ಹಿಡಿದು ಯಾರು ಬೇಕಾದರೂ ಆಡಬಹುದು ಎಂಬುದೇ ಇದರ ಅಂದ. ಇವತ್ತಿಗೂ ಎಷ್ಟೋ ಕೋರ್ಸುಗಳಿಗೆ ಟಿಕೆಟ್ ಇಲ್ಲ. ಹಣ ಕೇಳದ ಬಾಗಿಲಲ್ಲಿ ನಿಂತು ಜ್ಞಾನ ಕೇಳುವ ಕಾವಲುಗಾರರು ಬಂದಿದ್ದಾರೆ. ಅವರು ಯಾರನ್ನೂ 'ಹೊರಗೆ ಹೋಗು' ಎನ್ನುವುದಿಲ್ಲ. ನಗುನಗುತ್ತಾ, ಸಹಾಯ ಮಾಡುವ ದನಿಯಲ್ಲಿ, ನಿನ್ನ ಕೈಯಲ್ಲಿರುವುದು ಸರಿಯಿಲ್ಲ ಎಂದಷ್ಟೇ ಹೇಳುತ್ತಾರೆ. ಮಗು ತಾನಾಗಿಯೇ ಹೊರಗೆ ಹೋಗುತ್ತದೆ.

ಕ್ಯಾಮೆರಾ ಹಿಡಿದವರಿಗೆ ಲೆನ್ಸಿನ ಬಗ್ಗೆ, ಓಡಲು ಹೊರಟವರಿಗೆ ಶೂಗಳ ಬಗ್ಗೆ, ಕವಿತೆ ಓದಲು ಕೂತವರಿಗೆ ಓದುವ ಕ್ರಮದ ಬಗ್ಗೆ ಹೀಗೇ ಕೊರೆದು ಓಡಿಸಿದ್ದೇವೆ. ಕನ್ನಡದ ವಿಚಾರ ಸಂಕಿರಣಗಳಲ್ಲಿ ಕೂತು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪದ್ಯ ಚೆನ್ನಾಗಿದೆ ಅಂದ ಹುಡುಗಿಯನ್ನು 'ಯಾವ ನೆಲೆಯಲ್ಲಿ?' ಎಂದು ಕೇಳಿ ಬಾಯಿ ಮುಚ್ಚಿಸಿದ ಸಭೆಗಳು ನಮ್ಮಲ್ಲಿ ಕಡಿಮೆಯೇ? ಪ್ರೀತಿಯಿಂದ ಶುರುವಾದದ್ದರ ಮೇಲೆ ಪರಿಭಾಷೆ ಹೇರುತ್ತಾ ಹೋಗಿ, ಕೊನೆಗೆ ಪರಿಭಾಷೆ ಬಲ್ಲವರು ಮಾತ್ರ ಉಳಿಯುತ್ತಾರೆ. ಅವರಿಗೆ ಆಡಲು ಬರುತ್ತದೆಯೇ ಎಂದು ಕೇಳುವವರೂ ಇರುವುದಿಲ್ಲ.

ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ, ಅವನ ಇಚ್ಛೆಯಂತೆ ಅವನ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕು ಮಾಡಿದರು. ಸತ್ತ ಮೇಲೂ ಕೈಯಿಂದ ಕೈಗೆ ಹಾರಬೇಕೆಂಬ ಆಸೆ ಅದು. ಆ ಡಿಸ್ಕುಗಳ ಫೇಡ್ ಎಷ್ಟು ಎಂದು ಯಾರೂ ವಿಚಾರಿಸಿರಲಿಕ್ಕಿಲ್ಲ ಎಂದೇ ನಂಬಲು ನನಗಿಷ್ಟ.

7. ಉಪಸಂಹಾರ ಮತ್ತು ಶಿಫಾರಸು

ನಿಮಗೆ ನಿಜವಾಗಿಯೂ ಓವರ್‌ಸ್ಟೇಬಲ್ ಅಪ್ರೋಚ್ ಡಿಸ್ಕು ಬೇಕಿದ್ದರೆ ಹೇಳುತ್ತೇನೆ. ಅಂಗಡಿಯಲ್ಲಿ ಬಳಸಿದ ಡಿಸ್ಕುಗಳ ಪೆಟ್ಟಿಗೆ ಇರುತ್ತದೆ, ಮೊದಲು ಅದನ್ನು ತಡಕಿ. ಬೆನ್ನು ಚಪ್ಪಟೆ, ಪ್ಲಾಸ್ಟಿಕ್ಕು ಗಟ್ಟಿ, ಕೊನೆಯ ಅಂಕಿ 3ರ ಆಸುಪಾಸು, ತೂಕ 170 ಗ್ರಾಂ ಹತ್ತಿರ, ಹಿಡಿದಾಗ ಕೈಗೆ ಹಿತ ಅನ್ನಿಸಬೇಕು. ಝೋನ್ ಆದರೂ ಸರಿ, ಹಾರ್ಪ್ ಆದರೂ ಸರಿ. ಒಂದೇ ಒಂದು ತೆಗೆದುಕೊಳ್ಳಿ. ಹಿಂಬದಿಯಲ್ಲಿ ನಿಮ್ಮ ಫೋನ್ ನಂಬರು ಬರೆಯಿರಿ, ಕಳೆದರೆ ಸಿಕ್ಕವರು ಕರೆ ಮಾಡುತ್ತಾರೆ. ಬುಟ್ಟಿಯ ಬಲಕ್ಕೆ ಗುರಿಯಿಟ್ಟು ಎಸೆಯಿರಿ, ಎಡಕ್ಕೆ ಬರುವ ಕೆಲಸ ಅದು ನೋಡಿಕೊಳ್ಳುತ್ತದೆ. ಎಷ್ಟು ಬಲಕ್ಕೆ ಎಂಬುದನ್ನು ನಿಮ್ಮ ತೋಳು ಕಲಿಯಬೇಕು; ಅದನ್ನು ಯಾವ ಪಂಡಿತನೂ ಹೇಳಿಕೊಡಲಾರ, ಯಾವ ಅಂಕಿಯೂ ಹೇಳಲಾರದು. ಆಟಕ್ಕೆ ಹೊಸಬರಾಗಿದ್ದರೆ ಇದೂ ಬೇಡ, ಮನೆಯಲ್ಲಿ ಬಿದ್ದಿರುವ ಯಾವುದೋ ಒಂದು ತಟ್ಟೆ ಸಾಕು.

ಪಕ್ಕದಲ್ಲಿ ಬೇರೆಯವರು ಎಸೆಯುತ್ತಿದ್ದರೆ, ಅವರಾಗಿ ಕೇಳುವ ತನಕ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ.