ವಾರ್ಡಿನ ಕಂಪ್ಯೂಟರಮ್ಮನ ಸವತಿ ಮಾತ್ಸರ್ಯ

ಕಳೆದ ತಿಂಗಳು ನಮ್ಮ ಅತ್ತಿಗೆಯ ಡಿಸ್ಚಾರ್ಜು ಬೆಳಿಗ್ಗೆ ಹತ್ತಕ್ಕೆ ಬರೆದಾಯಿತು. ನಾವು ಗೇಟು ದಾಟಿದ್ದು ಸಂಜೆ ಐದಕ್ಕೆ. ನಡುವೆ ಏಳು ತಾಸು ಯಾರನ್ನು ಕೇಳಿದರೂ ಒಂದೇ ಉತ್ತರ: ‘ಸಿಸ್ಟಮ್ ತಗೊಳ್ವಲ್ದ್ರಿ.’ ಅತ್ತಿಗೆಯ ಊರು ಕುರುಗೋಡು ತಾಲ್ಲೂಕಿನದು. ಆ ತಾಲ್ಲೂಕು ಹುಟ್ಟಿರುವ ಸುದ್ದಿ ಸಿಸ್ಟಮ್ಮಿಗೆ ಇನ್ನೂ ಮುಟ್ಟಿರಲಿಲ್ಲವಂತೆ. ವಾರ ಕಳೆಯುವುದರಲ್ಲಿ ಜ್ವರ ಬಂದು ಮತ್ತೆ ಅಲ್ಲಿಗೇ ಸೇರಿಸಿದೆವು. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಅತ್ತಿಗೆ ಇನ್ನೂ ಅಲ್ಲೇ ಇದ್ದಾರೆ.

ರಾತ್ರಿ ಪಾಳಿಯ ಎರಡು ಗಂಟೆ. ಒಬ್ಬರೇ ಸಿಸ್ಟರ್ ಹಾಸಿಗೆಯಿಂದ ಹಾಸಿಗೆಗೆ ಓಡಾಡುತ್ತಿದ್ದರು. ಟೇಬಲ್ಲಿನ ಮೇಲೆ ಆಯುಧಪೂಜೆಯ ಅರಿಸಿನ ಕುಂಕುಮ ಇನ್ನೂ ಮಾಸದ, ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಸಿದ ಕಂಪ್ಯೂಟರು ಒಂಟಿಯಾಗಿ ಕುಳಿತಿತ್ತು. ನನಗೂ ನಿದ್ದೆ ಬಂದಿರಲಿಲ್ಲ. ಮಾತಿಗೆಳೆದೆ.

*ನಮಸ್ಕಾರ ಕಂಪ್ಯೂಟರಮ್ಮ. ಹೇಗಿದ್ದೀರಿ?*

ಬರ್ರಿ ಅಣ್ಣಾರ, ಕುಂದರ್ರಿ. ಆ ಸ್ಟೂಲಿನ ಕಾಲು ಮುರದೈತಿ, ಹುಷಾರು. ಹೆಂಗ ಇರೋದ್ರಿ, ಇದ್ದೀನಿ. ಮೂವತ್ತು ಮೈಲಿ ಆಚೆ ಕುಡತಿನಿಯಾಗ 1,700 ಮೆಗಾವಾಟ್ ಕರೆಂಟು ಹುಟ್ಟತೈತಿ ಅಂತಾರ, ಇಲ್ಲಿ ನನ್ನ ಯುಪಿಎಸ್ ಸತ್ತು ಆರು ತಿಂಗಳಾತು.

*ಮೂವತ್ತು ಮೈಲಿ ಇಲ್ಲಮ್ಮ, ಅಲ್ಲಿಗೆ ಹದಿನೈದೂ ಆಗುವುದಿಲ್ಲ.*

ಹೌದೇನ್ರಿ? ನನ್ನ ಮ್ಯಾಪು ಲೋಡ್ ಆಗಿಲ್ಲ.

*ನಿಮ್ಮನ್ನು ಇಲ್ಲಿ ತಂದು ಕೂರಿಸಿದ್ದು ಯಾಕೆ?*

ಸಿಸ್ಟರ್‌ಗಳ ಭಾರ ಇಳಸಾಕ್ರಿ. ಹಂಗಂತ ಉದ್ಘಾಟನೆ ದಿನ ಸಾಹೇಬ್ರು ಭಾಷಣ ಮಾಡಿದ್ರು. ‘ಇನ್ನು ಮುಂದೆ ಕಾಗದ ಇಲ್ಲ’ ಅಂದ್ರು. ಎಲ್ಲಾರೂ ಚಪ್ಪಾಳೆ ಹೊಡದ್ರು. ನಾನೂ ನಂಬಿದ್ನಿ. ಮರುದಿನ ಕಣ್ಣು ಬಿಟ್ಟು ನೋಡ್ತೀನಿ, ಪಕ್ಕದಾಗ ಆಕಿ ಕುಂತಾಳ!

*ಯಾರು?*

ರಿಜಿಸ್ಟರ್ರಿ! ಕೆಂಪು ರಟ್ಟಿನ ಆ ಮುದುಕಿ. ನಾನು ಬಂದ ಮ್ಯಾಲೆ ಆಕಿ ತವರುಮನಿ ಸೇರಬೇಕಿತ್ತು. ಸೇರಲಿಲ್ಲ. ಬಿಪಿ ನೋಡಿದ್ರ ಮೊದ್ಲು ಆಕಿ ಮೈಮ್ಯಾಲೆ ಬರೀತಾರ. ಇಂಜೆಕ್ಷನ್ ಕೊಟ್ರ ಆಕಿ. ಪಾಳಿ ಬದಲಾದ್ರ ಆಕಿ. ಎಲ್ಲಾ ಮುಗದು ಮನಿಗೆ ಹೋಗಾಕ ಬ್ಯಾಗು ಹೆಗಲಿಗೆ ಹಾಕ್ಕೊಂಡ ಮ್ಯಾಲೆ ನನ್ನ ನೆನಪು. ನಿಂತ ಕಾಲಾಗ, ಒಂದ ಬೆರಳಿನಾಗ ಟಕಟಕ ಕುಟ್ಟಿ, ಅದೂ ಅರ್ಧಂಬರ್ಧ. ಸಿಸ್ಟರ್ ಕೈ ಹಿಡದಾಕಿ ನಾನು, ಸಂಸಾರ ಮಾತ್ರ ಆಕಿ ಕೂಡ!

*ಅಲ್ಲಮ್ಮ, ಒಂದೇ ಕೆಲಸವನ್ನು ಎರಡು ಸಲ ಬರೆಸಿದರೆ ಭಾರ ಇಳಿಯುವುದು ಹೇಗೆ?*

ಎರಡು ಸಲ ಅಂದ್ರಾ? ಎಣಸ್ರಿ. ಕೇಸ್‌ಶೀಟು. ರಿಪೋರ್ಟ್ ಬುಕ್ಕು. ಅದರ ಮ್ಯಾಲೆ ಸ್ಟಾಕ್ ಬುಕ್ಕು. ತಿಂಗಳಾದ್ರ ಮ್ಯಾಲಿನವ್ರಿಗೆ ಎಕ್ಸೆಲ್ ಶೀಟು, ಅದರ ಫೋಟೋ ಹೊಡದು ವಾಟ್ಸಾಪ್ ಗುಂಪಿಗೆ. ಕೊನಿಗೆ ನಾನು. ಎಲ್ಲಾದಕ್ಕೂ ಆಕೀನ ಕಾರಣ. ಆಕಿ ಹೋದ್ರ...

*ಕನ್ನಡದಲ್ಲಿ ಕುಟ್ಟುತ್ತಾರೋ, ಇಂಗ್ಲಿಷಿನಲ್ಲೋ?*

ಏನ್ರಿ?

*ಕೇಳಿದ್ದು ಸರಿಯಾಗಿಯೇ ಇದೆ. ಕೆ.ಪಿ. ರಾವ್ ಅವರು ಕನ್ನಡಕ್ಕೆಂದೇ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. ಅದರ ಮೇಲೆಯೇ ನುಡಿ ತಂತ್ರಾಂಶ ಬಂತು. ನಿಮ್ಮೊಳಗೆ ನುಡಿ ಇದೆಯೇ?*

ಇಲ್ರಿ. ಇಂಗ್ಲಿಷಿನಾಗ, ಅದೂ ದೊಡ್ಡಕ್ಷರದಾಗ. ಸಣ್ಣಕ್ಷರ ಹಾಕಿದ್ರ ಕೆಂಪಗ ಉರೀತೀನಿ.

*2014ರ ನವೆಂಬರ್ 1ರಂದೇ ಬೆಲ್ಲಾರಿ ಹೋಗಿ ಬಳ್ಳಾರಿ ಆಯಿತಲ್ಲ. ನಿಮ್ಮ ಪಟ್ಟಿಯಲ್ಲಿ?*

ಎರಡೂ ಐತ್ರಿ. ಒಂದರಾಗ ರೋಗಿ ಹೆಸರು ಸಿಕ್ಕತೈತಿ, ಇನ್ನೊಂದರಾಗ ಸಿಗೋದಿಲ್ಲ. ಸಿರುಗುಪ್ಪ ಮೂರು ಥರ ಐತಿ. ಅದಿರ್ಲಿ, ರಿಜಿಸ್ಟರ್ ಬಗ್ಗೆ...

*ಕುರುಗೋಡು? ಅಷ್ಟೆತ್ತರದ ದೊಡ್ಡ ಬಸವಣ್ಣ ಕುಳಿತ ಊರು, ಕಲ್ಲಿನಲ್ಲಿ ಕಡೆದವನು ನಿಮಗೆ ಕಾಣಲಿಲ್ಲವೇ?*

ಬಸವಣ್ಣಗ ಆಧಾರ್ ಕಾರ್ಡು ಐತೇನ್ರಿ?

(ಇಲ್ಲಿ ನಾನು ಸೋತೆ. ಆದರೂ ಓದುಗರ ಗಮನಕ್ಕೆ: ಊರಿನ ಹೆಸರನ್ನು ನೆಟ್ಟಗೆ ಬರೆಯಲಾರದ ಯಂತ್ರ ಊರಿನವರ ರೋಗವನ್ನು ಹೇಗೆ ಬರೆದೀತು? ಇದನ್ನು ನಾನು ಹತ್ತು ವರ್ಷದಿಂದ ಬರೆಯುತ್ತಿದ್ದೇನೆ. ಇನ್ನೂ ಬರೆಯುತ್ತೇನೆ.)

*ಹಳ್ಳಿ ಕಡೆ ನಿಮ್ಮ ಬಳಗ ಇದೆಯೇ?*

ಸಿರುಗುಪ್ಪದ ಕಡೆ ಗದ್ದಿ ನಡುವೆ ನನ್ನ ತಂಗಿ ಅದಾಳ್ರಿ, ಟ್ಯಾಬು. ಆಕಿ ಹೊಟ್ಟ್ಯಾಗ ಅನ್ಮೋಲ್ ಅನ್ನೋ ಆ್ಯಪು. ಉಪಕೇಂದ್ರದ ಸಿಸ್ಟ್ರಮ್ಮನ ಕೈಚೀಲದಾಗ ಲಸಿಕಿ ಡಬ್ಬಿ ಪಕ್ಕಕ್ಕ ಕುಂತು ತಿರಗತಾಳ. ಒಬ್ಬ ಬಸುರಿಗೆ ಆಧಾರ್ ಹನ್ನೆರಡು ಅಂಕಿ, ತಾಯಿ ನಂಬರು ಹನ್ನೆರಡು, ಆಭಾ ಅನ್ನೋ ಆರೋಗ್ಯ ಖಾತಿ ನಂಬರು ಹದಿನಾಲ್ಕು. ಹೊಟ್ಟ್ಯಾಗಿನ ಕೂಸು ಒದೆಯೋದ್ರಾಗ ಮೂವತ್ತೆಂಟು ಅಂಕಿ. ಓಟಿಪಿ ಬ್ಯಾರೆ. ಓಟಿಪಿ ಬರೋದು ಗಂಡನ ಫೋನಿಗೆ, ಗಂಡ ಇರೋದು ಬೆಂಗಳೂರಾಗ, ಗಾರೆ ಕೆಲಸಕ್ಕ. ಆದ್ರೂ ನನ್ನ ತಂಗಿ ಸುಖವಾಗ್ಯಾಳ. ಯಾಕಂದ್ರ ಹೊಲದಾಗ ರಿಜಿಸ್ಟರ್...

*ಅಲ್ಲೂ ಇದೆ. ನಾನೇ ನೋಡಿದ್ದೇನೆ.*

(ಬಹಳ ಹೊತ್ತು ಮಾತಿಲ್ಲ. ಪರದೆಯ ಮೇಲೆ ಮರಳಿನ ಗಡಿಯಾರ.)

ಅಲ್ಲೂ ಆಕೀನಾ?

*2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದರಲ್ಲ. ಮಾಡಿದ ಕೆಲಸ ಪೋರ್ಟಲಿನಲ್ಲಿ ಕಾಣದಿದ್ದರೆ ಪ್ರೋತ್ಸಾಹಧನ ಇಲ್ಲ ಎಂಬುದೂ ಅವರ ದೂರುಗಳಲ್ಲಿ ಒಂದಾಗಿತ್ತು. ಅದಕ್ಕೇನು ಹೇಳುತ್ತೀರಿ?*

ಅವ್ರು ರಿಜಿಸ್ಟರಿನಾಗ ಬರದಿರ್ತಾರ್ರಿ, ಅದಕ್ಕ.

*ನಿಮ್ಮ ವಂಶದ ಬಗ್ಗೆ ಬಹಳ ಹೆಮ್ಮೆಯಂತೆ?*

ಮತ್ತೇನ್ರಿ! ನಮ್ಮ ಮೂಲದಾಯಿ ನೈಟಿಂಗೇಲಮ್ಮ. ಜನ ಆಕಿ ಕೈಯಾಗಿನ ದೀಪ ಅಷ್ಟ ನೋಡ್ತಾರ. ದೀಪಕ್ಕಿಂತ ದೊಡ್ಡದು ಆಕಿ ಲೆಕ್ಕ. ಕ್ರಿಮಿಯಾ ಯುದ್ಧದಾಗ ಗುಂಡಿಗಿಂತ ಹೊಲಸಿನಿಂದ ಸತ್ತೋರ ಹೆಚ್ಚು ಅಂತ 1858ರಾಗ ಬಣ್ಣದ ಚಿತ್ರ ಬರದು ಮಂತ್ರಿಗಳ ಮುಂದ ಇಟ್ಲು. ಈ ದೇಶಕ್ಕ ಒಂದಿನಾನೂ ಬರ್ಲಿಲ್ಲ, ಆದ್ರ ಇಲ್ಲಿಯ ದಂಡಿನ ಠಾಣೆಗಳಿಗೆ ಪ್ರಶ್ನೆ ಪಟ್ಟಿ ಕಳಿಸಿ, ಕುಡಿಯೋ ನೀರೆಂಥಾದು, ಮೋರಿ ಎಲ್ಲೈತಿ ಅಂತ ಕೇಳಿ ಉತ್ತರ ತರಿಸ್ಕೊಂಡ್ಲು. ಅವಾಗ ನಮ್ಮ ಬಳ್ಳಾರಿನೂ ದೊಡ್ಡ ದಂಡಿನ ಊರು.

*ಅಂದರೆ ಆಕೆ ಲೆಕ್ಕ ಬರೆದದ್ದು ಸಾಯುವವರು ಕಡಿಮೆಯಾಗಲಿ ಅಂತ.*

ಹೂಂ.

*ನೀವು?*

ನಂದು ತಿಂಗಳ ಐದನೇ ತಾರೀಕಿನೊಳಗ ಹೋಗಬೇಕ್ರಿ. ಇಲ್ಲಾಂದ್ರ ಜಿಲ್ಲೆ ಕೆಂಪಗ ಕಾಣತೈತಿ.

*2024ರ ನವೆಂಬರ್ ನೆನಪಿದೆಯೇ?*

ಆ ತಿಂಗಳು ಪ್ರಿಂಟರಿನ ಇಂಕು ಮುಗದಿತ್ರಿ. ಎಲ್ಲಾ ರಿಜಿಸ್ಟರಿನಾಗ ಬರದ್ರು. ಆ ಸಂಕಟ ಯಾರಿಗೆ ಹೇಳ್ಲಿ...

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ.

ಆ ನವೆಂಬರ್ 9ರಿಂದ 11ರ ನಡುವೆ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಕೆಲವರಿಗೆ ಮೂತ್ರಪಿಂಡ ಕೈಕೊಟ್ಟಿತು. ಡಿಸೆಂಬರ್ ಮೊದಲ ವಾರ ಕಳೆಯುವಷ್ಟರಲ್ಲಿ ಐವರು ಇರಲಿಲ್ಲ. ಅನುಮಾನ ಹೋದದ್ದು ತೋಳಿಗೆ ಚುಚ್ಚಿ ಹನಿಸುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೆ. ಅದನ್ನು ತಯಾರಿಸಿದ ಕಂಪನಿಯ ಕೆಲವು ಬ್ಯಾಚು ಸರಿಯಿಲ್ಲ ಎಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತು. ತಡೆದಿಟ್ಟದ್ದರಲ್ಲಿ ಒಂದಷ್ಟು ಮತ್ತೆ ಬಳಕೆಗೆ ಬಂತು. ಅಮಾನತು, ತನಿಖೆ, ಪರಿಹಾರ ಎಲ್ಲ ಆಯಿತು. ನೀವೆಲ್ಲ ಓದಿದ್ದೀರಿ. ನನಗೆ ಹೊಟ್ಟೆಯುರಿಯುವುದು ಇದಕ್ಕೆ: ಬಸುರಿಯ ಮೂವತ್ತೆಂಟು ಅಂಕಿ ಕೇಳುವ ವ್ಯವಸ್ಥೆಯಲ್ಲಿ, ಆಕೆಯ ರಕ್ತಕ್ಕೆ ಇಳಿಯುವ ಬಾಟಲಿಯ ಮೇಲೆ ಗುಮಾನಿ ಇದೆ ಎಂಬ ಒಂದೇ ಒಂದು ಸಾಲು ಹಾಸಿಗೆಯ ಪಕ್ಕ ನಿಂತ ನರ್ಸಿನ ಕಣ್ಣಿಗೆ ಬೀಳುವಂತೆ ಯಾರೂ ಮಾಡಲಿಲ್ಲ. ಸುದ್ದಿ ವಾರ್ಡಿನಿಂದ ಮೇಲಕ್ಕೆ ಹೋಗಲು ಹತ್ತು ಮೆಟ್ಟಿಲು ಕಟ್ಟಿದ್ದಾರೆ, ಕೆಳಗಿಳಿಯಲು ಒಂದು ಏಣಿಯೂ ಇಲ್ಲ. ಆಮೇಲೆ ಬಂಧುಗಳ ಕೂಗಾಟಕ್ಕೆ ಎದುರಾದವರು ಯಾರು? ಆ ಬಾಟಲಿ ಕೊಂಡವರೂ ಅಲ್ಲ, ಪಾಸು ಮಾಡಿದವರೂ ಅಲ್ಲ, ನೇತು ಹಾಕಿದ ಹೆಣ್ಣುಮಗಳು. ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸು ಇರಬೇಕು, ಉಳಿದ ಕಡೆ ಐದಕ್ಕೆ ಒಬ್ಬರು. ನಾನು ಕುಳಿತ ವಾರ್ಡಿನ ಹಾಸಿಗೆಗಳನ್ನು ಎಣಿಸಿದೆ, ನೆಲದ ಮೇಲಿನ ಎರಡನ್ನೂ ಸೇರಿಸಿ ಮೂವತ್ನಾಲ್ಕು. ಸಿಸ್ಟರ್ ಒಬ್ಬರೇ.

*ಮೂವತ್ನಾಲ್ಕು ಜನರ ಬಿಪಿ ನಿಮ್ಮೊಳಗೆ 120/80 ಅಂತ ಬಿದ್ದಿದೆ. ಅದು ನಿಜವೇ ಎಂದು ನೀವು ಒಂದು ದಿನವಾದರೂ ಕೇಳಿದ್ದೀರಾ?*

ನನಗ ಖಾಲಿ ಇರಬಾರದ್ರಿ, ಅಷ್ಟ. ಖಾಲಿ ಇದ್ರ ಮುಂದಿನ ಪುಟಕ್ಕ ಬಿಡೋದಿಲ್ಲ. ಹಂಗ ಮಾಡಿಟ್ಟಾರ. ಮಾಡಿದೋರು ಈ ವಾರ್ಡಿಗೆ ಬಂದಿಲ್ಲ ಅಣ್ಣಾರ. ಬಂದಿದ್ರ ನನ್ನ ಈ ಮೂಲ್ಯಾಗ, ಕಡೇ ಹಾಸಿಗಿಗೆ ಬೆನ್ನು ಮಾಡಿ ಕೂಡಿಸ್ತಿದ್ದಿಲ್ಲ. ನನ್ನ ಕಡೆ ನೋಡಿದ್ರ ಸಿಸ್ಟರ್‌ಗೆ ರೋಗಿ ಕಾಣೋದಿಲ್ಲ.

*ಇದನ್ನು ಮೊದಲೇ ಹೇಳಬಾರದಿತ್ತೇ?*

ಯಾರು ಕೇಳಿದ್ರು? ನೀವು ಕೇಳಿದ್ದು ಕೀಲಿಮಣಿ.

ಅಷ್ಟರಲ್ಲಿ ಸಿಸ್ಟರ್ ಬಂದರು. ಎಡಗೈ ಮಣಿಕಟ್ಟಿನಿಂದ ಮೊಳಕೈವರೆಗೆ ಮೂರು ತುಂಡು ಪ್ಲಾಸ್ಟರ್ ಅಂಟಿಸಿಕೊಂಡಿದ್ದರು. ಮೇಲೆಲ್ಲ ನೀಲಿ ಬಾಲ್‌ಪೆನ್ನಿನ ಬರಹ. ಬಗ್ಗಿ ಓದಿದೆ. ‘14: 90/60, ತಲಿ ಸುತ್ತು. 15 ಪರವಾಗಿಲ್ಲ. 22: ಪ್ಯಾಡ್ ಜಾಸ್ತಿ, ಡಾಕ್ಟ್ರಿಗೆ ಹೇಳು.’ ಎಲ್ಲ ಕನ್ನಡದಲ್ಲಿ. ಅಕ್ಷರ ಮುತ್ತಿನಂತಿತ್ತು. ನನಗೆ ಆದ ಸಂತೋಷವನ್ನು ಆ ಹೊತ್ತಿನಲ್ಲಿ ಯಾರಿಗೆ ಹೇಳಲಿ?

‘ನಿದ್ದಿ ಬರ್ಲಿಲ್ಲೇನ್ರಿ ಅಣ್ಣಾರ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಡಾಕ್ಟರಿಗೆ ಫೋನು ಹಚ್ಚಿ ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡರು. ಖಾಲಿಯಿದ್ದ ಕೈಯಿಂದ ಪ್ಲಾಸ್ಟರಿನ ತುಂಡುಗಳನ್ನು ಒಂದೊಂದಾಗಿ ಕಿತ್ತು, ಕೆಂಪು ರಟ್ಟಿನ ಪುಸ್ತಕ ತೆರೆದು ಆ ದಿನದ ಪುಟಕ್ಕೆ ಅಂಟಿಸಿದರು.

ಪರದೆ ಒಮ್ಮೆ ಮಿನುಗಿತು.

ನೋಡಿದ್ರಾ? ನಾ ಹೇಳ್ಲಿಲ್ಲೇನು? ಮೊದ್ಲು ಆಕೀಗೇ!