ನೊರೆ ಮೀಮಾಂಸೆ

ತವರನ್ನು ಬಿಟ್ಟು ಹೋದವನ ನಾಲಗೆಯ ಮೇಲೆ, ಅವನು ಊರಿನಲ್ಲಿದ್ದಷ್ಟು ದಿನ ಸುಳಿವೂ ಕೊಡದೆ, ಊರಿನ ಗಡಿ ದಾಟಿದ ಮೇಲಷ್ಟೇ ಹುಟ್ಟಿಕೊಳ್ಳುವ ರುಚಿವಿಶೇಷಕ್ಕೆ ಈ ಪ್ರಬಂಧದಲ್ಲಿ 'ತವರುರುಚಿ' ಎಂಬ ಪಾರಿಭಾಷಿಕ ಪದವನ್ನು ಬಳಸಲಾಗಿದೆ. ಯಾವುದೇ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಟ್ಟಬಾರದೆಂದು, ಅಂದರೆ ಸೇರಬೇಕಾದದ್ದು ಹೊರಗುಳಿಯಬಾರದು, ಸೇರಬಾರದ್ದು ಒಳಗೆ ನುಸುಳಬಾರದು, ಎಲ್ಲಿಯೂ ಇಲ್ಲದ್ದನ್ನು ಹೇಳಿರಬಾರದು ಎಂದು ತಾರ್ಕಿಕರು ವಿಧಿಸಿರುವುದರಿಂದ, ಈ ಲಕ್ಷಣವನ್ನು ಮೊದಲು ಬೆಳಗಾವಿಯ ಸಿಹಿಯಾದ ಕುಂದಾದ ಮೇಲೆ ಪರೀಕ್ಷಿಸುವುದು ಯುಕ್ತ. ಬೆಳಗಾವಿಯಲ್ಲಿಯೇ ಹುಟ್ಟಿ ಬೆಳೆದವನು ಕುಂದಾವನ್ನು ಬೀಗರು ಹೊರಟಾಗ ಕೈಗೆ ಕೊಟ್ಟು ಕಳಿಸುವ ಪೊಟ್ಟಣವೆಂದಷ್ಟೇ ಬಲ್ಲನು. ಅದೇ ಮನುಷ್ಯ ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋಗಿ ಆರು ತಿಂಗಳಾಗುವಷ್ಟರಲ್ಲಿ, ಎದುರಿಗಿಟ್ಟ ಯಾವ ಸಿಹಿಯನ್ನು ಕಂಡರೂ "ನಮ್ಮೂರ ಕುಂದಾದ ಮುಂದ ಇದೇನ್ರಿ, ಬರೇ ಸಕ್ರಿ" ಎನ್ನತೊಡಗುತ್ತಾನೆ. ಕುಂದಾ ಬದಲಾಗಿಲ್ಲ, ನಾಲಗೆಯೂ ಬದಲಾಗಿಲ್ಲ, ನಡುವಿನ ಕಿಲೋಮೀಟರುಗಳು ಮಾತ್ರ ಹೆಚ್ಚಿವೆ. ಆದ್ದರಿಂದ ಲಕ್ಷಣವು ನಿರ್ದುಷ್ಟವೆಂದು ಸಿದ್ಧವಾಯಿತು.

ಕುಂದಾದ ವಿಷಯದಲ್ಲಿ ಪಕ್ಷಪಾತದ ಆರೋಪ ಬರುವ ಸಂಭವವಿರುವುದರಿಂದ, ಪ್ರಸ್ತುತ ವಿಚಾರಕ್ಕೆ ಬೆಳಗಾವಿಯವರಿಗೆ ಪಿತ್ರಾರ್ಜಿತವಲ್ಲದ ಬಿಯರನ್ನು ಆರಿಸಿಕೊಳ್ಳಲಾಗಿದೆ. ವಿಚಾರದ ಕ್ರಮ ಪೂರ್ವಮೀಮಾಂಸಕರದು: ಮೊದಲು ವಿಷಯ, ಬಳಿಕ ಸಂಶಯ, ಆಮೇಲೆ ಎದುರಾಳಿಯ ವಾದವಾದ ಪೂರ್ವಪಕ್ಷ, ಕೊನೆಗೆ ಸಿದ್ಧಾಂತ. ಯಜ್ಞದ ಸೋಮರಸಕ್ಕೆ ಒದಗಿದ ಕ್ರಮ ಜವೆಯ ರಸಕ್ಕೆ ಒದಗದೆ ಹೋಗಲಾರದು.

ವಿಷಯವು ಇಂತಿದೆ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲಸಿದವರು ಅಲ್ಲಿನ 'ಕ್ರಾಫ್ಟ್ ಬಿಯರ್' ಅನ್ನು, ಎಂದರೆ ದೊಡ್ಡ ಕಾರ್ಖಾನೆಗಳಲ್ಲದೆ ಸಣ್ಣ ಭಟ್ಟಿಗಳಲ್ಲಿ ಕಡಿಮೆ ಪ್ರಮಾಣದಲ್ಲಿ ತಯಾರಾಗುವ ಬಿಯರನ್ನು ಕುಡಿದು, ಅದನ್ನು ತಮ್ಮ ಊರಿನ ಬಿಯರಿನೊಂದಿಗೆ ತೂಗಿ ನೋಡಿ, ಪ್ರತಿ ಸಲವೂ ಊರಿನದೇ ಮೇಲೆಂದು ತೀರ್ಪು ಕೊಡುತ್ತಾರೆ. ಈ ತೀರ್ಪು ಪ್ರಮಾಣಸಿದ್ಧವೋ ಅಥವಾ ಬರಿಯ ತವರುರುಚಿಯೋ ಎಂಬುದೇ ಸಂಶಯ. ನಾಲಗೆಯೇ ಪ್ರತ್ಯಕ್ಷ ಪ್ರಮಾಣವಲ್ಲವೇ ಎಂದು ಕೇಳಬಹುದು. ಆದರೆ ಈ ದ್ರವ್ಯದ ವಿಷಯದಲ್ಲಿ ಮೂರನೆಯ ಗ್ಲಾಸಿನ ಬಳಿಕ ಪ್ರತ್ಯಕ್ಷವೂ ಅನುಮಾನವಾಗುತ್ತದೆ. ಇಲ್ಲಿ ಅನುಮಾನವೆಂಬ ಪದವನ್ನು ಶಾಸ್ತ್ರದ ಅರ್ಥದಲ್ಲಿಯೂ ಮನೆಮಂದಿಯ ಅರ್ಥದಲ್ಲಿಯೂ ಗ್ರಹಿಸಬೇಕು.

ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸುವುದಾದರೆ, ಆಂಗ್ಲರ ಮೊದಲ ದೂರು ಶೈತ್ಯದ್ದು. ಅವರ ಊರಿನ ಪೀಪಾಯಿಯ ಬಿಯರು ನೆಲಮಾಳಿಗೆಯಿಂದ ಬರುವಾಗ 11ರಿಂದ 13 ಡಿಗ್ರಿ ಸೆಲ್ಸಿಯಸ್ಸಿನಲ್ಲಿರುತ್ತದೆ, ಅಂದರೆ ಹೆಚ್ಚುಕಡಿಮೆ ಡಿಸೆಂಬರಿನ ಮುಂಜಾವಿನಲ್ಲಿ ಬೆಳಗಾವಿಯ ಗಾಳಿ ಇರುವಷ್ಟು ತಣ್ಣಗೆ. ಅಮೆರಿಕದವರಾದರೋ ಅದನ್ನು ಹಲ್ಲು ಜುಮ್ಮೆನ್ನುವಂತೆ ಮಾಡಿ ಕೊಡುತ್ತಾರೆ. ಎರಡನೆಯ ದೂರು ಕಹಿಯದ್ದು. ಬಿಯರಿಗೆ ಕಹಿಯನ್ನು ಕೊಡುವ ಹಾಪ್ ಎಂಬ ಬಳ್ಳಿಯ ಹೂವನ್ನು ಅಮೆರಿಕದವರು ಕೈಯಳತೆಯಿಲ್ಲದೆ ಸುರಿಯುತ್ತಾರೆಂದೂ, ಕಹಿಯನ್ನು ಅಳೆಯುವ ಐಬಿಯು ಎಂಬ ಮಾನದಲ್ಲಿ ಇಂಗ್ಲೆಂಡಿನ ಬಿಟರ್ ಎಂಬ ಬಗೆ 25ರಿಂದ 40ರೊಳಗೆ ಮರ್ಯಾದೆಯಿಂದ ನಿಂತರೆ ಅಮೆರಿಕದ ಐಪಿಎ ಎಂಬ ಬಗೆ 50ನ್ನು ದಾಟಿ 70ರವರೆಗೆ ಏರುತ್ತದೆಂದೂ ಅವರ ಆಕ್ಷೇಪ. (ಹೆಸರೇ 'ಕಹಿ' ಎಂದಿರುವ ಬಿಯರನ್ನು ಕುಡಿಯುವವರು ಇನ್ನೊಬ್ಬರ ಬಿಯರು ಕಹಿಯೆಂದು ದೂರುವುದು ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಹೇಳಿದಂತೆ.) ಮೂರನೆಯದು ಮದದ್ದು: ಊರಿನ ಬಿಯರಿನಲ್ಲಿ ಮದ್ಯಾಂಶ ಶೇಕಡ 4ರ ಆಸುಪಾಸು, ಅಮೆರಿಕದ ಐಪಿಎಯಲ್ಲಿ 6 ಅಥವಾ 7, ಸಂಜೆಯಿಡೀ ಕೂತು ಹವಾಮಾನವನ್ನು ಚರ್ಚಿಸಬೇಕೆಂದು ಬಂದವನು ಎರಡನೆಯ ಗ್ಲಾಸಿಗೇ ಮಾತು ಮುಗಿಸಬೇಕಾಗುತ್ತದೆ. ನಾಲ್ಕನೆಯ ದೂರು ಅಳತೆಯದ್ದು, ಮತ್ತು ಅದೊಂದೇ ನಿರ್ವಿವಾದ: ಇಂಗ್ಲೆಂಡಿನ ಪಿಂಟು 568 ಮಿಲಿಲೀಟರು, ಅಮೆರಿಕದ ಪಿಂಟು 473.

ಇನ್ನು ಸಿದ್ಧಾಂತ. ಅದನ್ನು ಲಂಡನ್ನಿನಲ್ಲಾಗಲಿ ಕ್ಯಾಲಿಫೋರ್ನಿಯಾದಲ್ಲಾಗಲಿ ಹುಡುಕುವುದು ಪ್ರಮಾದ. ಅದಕ್ಕೆ ತಕ್ಕ ಕ್ಷೇತ್ರ ಬೆಳಗಾವಿಯ ಕ್ಯಾಂಪು. 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾನಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಯನ್ನು ಮುತ್ತಿ ಗೆದ್ದ ಬಳಿಕ, ಕೋಟೆಯ ಪಡುವಲಿನ ಬಯಲಿನಲ್ಲಿ ಕಂಪನಿಯ ದಂಡು ಬೀಡುಬಿಟ್ಟಿತು. ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲಿನ ತಂಪು, ಘಟ್ಟದ ಮಳೆ, ಅಗಲವಾದ ರಸ್ತೆ, ಕೆಂಪುಹೆಂಚಿನ ಬಂಗಲೆ, ಅಂಗಳದಲ್ಲಿ ಮಾವು. ಆ ದಂಡಿನ ಹೆಸರೇ ಊರಿನ ಬಾಯಲ್ಲಿ ಕ್ಯಾಂಪು ಎಂದು ನಿಂತು, ಡೇರೆ ಕಿತ್ತು ಎಷ್ಟೋ ತಲೆಮಾರುಗಳಾದ ಮೇಲೂ ತಾತ್ಕಾಲಿಕ ಶಿಬಿರವೆಂಬ ಅರ್ಥದ ಪದವೇ ಖಾಯಂ ವಿಳಾಸವಾಗಿ ಉಳಿದಿದೆ. ಇಲ್ಲಿ ಒಂದು ಶಬ್ದವಿಚಾರ ಅನಿವಾರ್ಯ. ಈ ಭಾಗದ ಬಾಯಲ್ಲಿ ಬಿಯರು 'ಬೀರು' ಆಗುತ್ತದೆ. ಕನ್ನಡದಲ್ಲಿ ಬೀರು ಎಂದರೆ ಬಟ್ಟೆಬರೆ, ಒಡವೆ, ಕಾಗದಪತ್ರಗಳನ್ನಿಟ್ಟು ಬೀಗ ಹಾಕುವ ಕಪಾಟು. ಸಾಹೇಬರ ಮನೆಯಲ್ಲಿ ಬೀರನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದುದರಿಂದಲೇ ಎರಡಕ್ಕೂ ಒಂದೇ ಹೆಸರು ಬಂತೆಂದು ವಾದಿಸಲು ಅವಕಾಶವಿದ್ದರೂ, ವ್ಯುತ್ಪತ್ತಿಶಾಸ್ತ್ರಜ್ಞರು ಒಪ್ಪಲಾರರೆಂಬ ಭಯದಿಂದ ಅದನ್ನು ಇಲ್ಲಿಗೇ ಬಿಡಲಾಗಿದೆ.

ಕ್ಯಾಂಪಿನ ಸಾಹೇಬನು ತವರಿನ ಬಿಯರೆಂದು ಕುಡಿಯುತ್ತಿದ್ದದ್ದು ಏನನ್ನು? ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಿಂದ ಲಂಡನ್ನಿನ ಪೂರ್ವದ ಬೋ ಎಂಬಲ್ಲಿನ ಹಾಡ್ಜ್‌ಸನ್ ಭಟ್ಟಿಯವರು ಕಂಪನಿಯ ಹಡಗುಗಳ ಕಪ್ತಾನರಿಗೆ ಉದ್ದರಿಯ ಮೇಲೆ ಬಿಯರನ್ನು ಕೊಡುತ್ತಿದ್ದರು. 1820ರ ದಶಕದಲ್ಲಿ ಬರ್ಟನ್ ಎಂಬ ಊರಿನ ಆಲ್‌ಸಪ್ ಮತ್ತು ಬಾಸ್ ಎಂಬ ಭಟ್ಟಿಗಳು ಅದೇ ವ್ಯಾಪಾರಕ್ಕೆ ಕೈಹಾಕಿದವು. ತಿಳಿಬಣ್ಣದ, ಹಾಪ್ ಹೆಚ್ಚಿಗೆ ಬಿದ್ದ ಆ ಬಿಯರು ಗುಡ್‌ಹೋಪ್ ಭೂಶಿರವನ್ನು ಸುತ್ತಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕರಿಂದ ಆರು ತಿಂಗಳು ಹಡಗಿನ ಹೊಟ್ಟೆಯಲ್ಲಿ ಓಲಾಡುತ್ತ ಹದಗೊಂಡು ಬರುತ್ತಿತ್ತು. ಹಡಗು ಮುಳುಗಿ ತೇಲಿಬಂದ ಪೀಪಾಯಿಗಳಿಂದ ಅದರ ರುಚಿ ಇಂಗ್ಲೆಂಡಿಗೆ ತಿಳಿಯಿತೆಂಬ ಕಥೆಯೂ ಇದೆ. ಅದು ಸ್ಥಳಪುರಾಣದ ವರ್ಗಕ್ಕೆ ಸೇರಿದ್ದು, ಸಮುದ್ರಮಥನದಲ್ಲಿ ವಾರುಣಿ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಾಕ್ಷ್ಯ ಅದಕ್ಕಿಲ್ಲ. ನಿಶ್ಚಿತವಾದದ್ದಿಷ್ಟು: 1830ರ ದಶಕದಲ್ಲಿ ಆ ಬಿಯರು ಇಂಗ್ಲೆಂಡಿನಲ್ಲಿಯೇ ಇಂಡಿಯಾದ ಹೆಸರು ಹೊತ್ತು ಮಾರಾಟವಾಗತೊಡಗಿತು. ಅದೇ 'ಇಂಡಿಯಾ ಪೇಲ್ ಏಲ್', ಚಿಕ್ಕದಾಗಿ ಐಪಿಎ. ತವರಿನ ರುಚಿಯೆಂದು ಸಾಹೇಬ ಕೊಂಡಾಡಿದ ವಸ್ತು ತವರನ್ನು ಬಿಟ್ಟವರಿಗಾಗಿ ಹದಗೊಂಡು, ತವರಿಗೆ ಮರಳಿ ಹೋಗಿ, ಅಲ್ಲಿ ಇಂಡಿಯಾದ ರುಚಿಯೆನಿಸಿತು. ಮದುವೆಯಾದ ಮಗಳು ಅತ್ತೆಮನೆಯಲ್ಲಿ ತವರನ್ನೂ ತವರಿಗೆ ಬಂದಾಗ ಅತ್ತೆಮನೆಯನ್ನೂ ಹೊಗಳುವ ಪದ್ಧತಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗದು.

ಹಾಗೆಂದು ದಂಡಿನವರೆಲ್ಲ ಅದನ್ನೇ ಕುಡಿದರೆಂದು ತಿಳಿಯಬಾರದು. ಭಾರತದ ದಂಡುಗಳಲ್ಲಿ ತಿಳಿಬಣ್ಣದ ಏಲ್ ಅಧಿಕಾರಿಗಳ ಮೆಸ್ಸಿನ ಪಾನೀಯ, ಹುರಿದ ಜವೆಯಿಂದ ಕಾಫಿಯ ಬಣ್ಣ ಪಡೆದ ಪೋರ್ಟರ್ ಎಂಬ ಬಿಯರು ಸಾಮಾನ್ಯ ಸಿಪಾಯಿಯ ಕ್ಯಾಂಟೀನಿನದು. ಪೋರ್ಟರೂ ಅದೇ ಕಡಲನ್ನು ದಾಟಿಯೇ ಬಂತು, ಕೆಡದೆಯೂ ಬಂತು. ಆದರೆ ಇತಿಹಾಸವನ್ನು ಬರೆದವರು ಮೆಸ್ಸಿನಲ್ಲಿ ಕೂತಿದ್ದರಿಂದ ಕಡಲುದಾಟಿದ ಕೀರ್ತಿ ತಿಳಿಬಣ್ಣಕ್ಕೇ ದಕ್ಕಿತು. ನೀರಿನಲ್ಲಿಯೂ ಪಂಕ್ತಿಭೇದ ಮಾಡುವ ಕಲೆ ಈ ನೆಲಕ್ಕೆ ಹೊಸದಾಗಿರಲಿಲ್ಲವಾದ್ದರಿಂದ ಯಾರೂ ಆಶ್ಚರ್ಯಪಟ್ಟಂತೆ ಕಾಣುವುದಿಲ್ಲ.

ಬೆಳಗಾವಿಯ ದಂಡಿಗೆ ಕಡಲ ಬಾಗಿಲು ವೆಂಗುರ್ಲಾ ಬಂದರು. ಅಲ್ಲಿ ಇಳಿದ ಸರಕು ನೂರು ಕಿಲೋಮೀಟರಿಗೂ ಮೀರಿದ ಘಟ್ಟದ ದಾರಿಯನ್ನು ಎತ್ತುಗಳ ಹೆಗಲ ಮೇಲೆ ಏರಿ ಬರಬೇಕಾಗಿತ್ತು. 1880ರ ದಶಕದ ಕೊನೆಯಲ್ಲಿ ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಮುರಗಾಂವಕ್ಕೆ ರೈಲು ಕೂಡಿಕೊಂಡ ಮೇಲೆ ಎತ್ತುಗಳು ಉಸಿರುಬಿಟ್ಟವು. ಬಂದ ಬಿಯರನ್ನು ತಣಿಸುವವನಿಗೆ ಆಬ್ದಾರ ಎಂದು ಹೆಸರು. ನೀರಿನಲ್ಲಿ ಪೆಟ್ಲುಪ್ಪನ್ನು ಕರಗಿಸಿದರೆ ನೀರು ತಣ್ಣಗಾಗುತ್ತದೆಂಬ ರಸಾಯನವನ್ನು ಬಲ್ಲ ಅವನು ಅದರಲ್ಲಿ ಬಾಟ್ಲಿಯನ್ನು ತಿರುಗಿಸುತ್ತ ಕೂರುತ್ತಿದ್ದನು; ಇಲ್ಲವೇ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಡುತ್ತಿದ್ದನು. ಖಾನಾಪುರದ ಜೇಡಿಮಣ್ಣಿಗೆ ಇಂದಿಗೂ ಹೆಸರಿದ್ದು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿಯೇ ಇರುವುದರಿಂದ, ಆಬ್ದಾರನ ಮಡಕೆ ಖಾನಾಪುರದ್ದೇ ಇರಬೇಕೆಂದು ಊಹಿಸಲು ಈ ಪ್ರಬಂಧಕ್ಕೆ ಬಹಳ ಆಸೆ. ಆಸೆಯು ಪ್ರಮಾಣಗಳ ಪಟ್ಟಿಯಲ್ಲಿಲ್ಲ. ಇತ್ತ ಮಡಕೆ ಬೆವರುತ್ತಿದ್ದ ಕಾಲದಲ್ಲಿ, ಅತ್ತ ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿನ ಕೆರೆಗಳಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ, 1833ರಲ್ಲಿ ಕಲ್ಕತ್ತೆಗೆ ಹಡಗಿನಲ್ಲಿ ಕಳಿಸಿದನು. ಮುಂದೆ ಮುಂಬಯಿಗೂ ಮದರಾಸಿಗೂ ಅದು ಬಂತು. ಅಲ್ಲಿನ ಸಾಹೇಬರು ಇಂಗ್ಲೆಂಡಿನ ಬಿಯರಿಗೆ ಅಮೆರಿಕದ ಮಂಜುಗಡ್ಡೆ ಹಾಕಿಕೊಂಡು, ಒಂದೂ ದೂರಿಲ್ಲದೆ ಕುಡಿದರು. ಶೈತ್ಯದ ಮೇಲಿನ ಮೊದಲ ದೂರು ಇಲ್ಲಿಗೆ ಖಂಡಿತವಾಯಿತು.

ಎರಡನೆಯ ಮತ್ತು ಮೂರನೆಯ ದೂರುಗಳು ಕುಲಗೋತ್ರದ ವಿಚಾರಣೆಯಿಂದ ಬಿದ್ದುಹೋಗುತ್ತವೆ. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಜ್ಯಾಕ್ ಮೆಕಾಲಿಫ್ ಸ್ಕಾಟ್ಲೆಂಡಿನಲ್ಲಿ ಸೇವೆಯಲ್ಲಿದ್ದಾಗ ಅಲ್ಲಿನ ಬಿಯರಿನ ರುಚಿ ಹತ್ತಿಸಿಕೊಂಡು, ಊರಿಗೆ ಮರಳಿದ ಮೇಲೆ ಅದು ಸಿಗದೆ ಚಡಪಡಿಸಿ, 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೊಮಾದಲ್ಲಿ ತಾನೇ ಒಂದು ಸಣ್ಣ ಭಟ್ಟಿಯನ್ನು ಹೂಡಿದನು. ಅದಕ್ಕೆ ಇಟ್ಟ ಹೆಸರು ನ್ಯೂ ಆಲ್ಬಿಯನ್. ಆಲ್ಬಿಯನ್ ಎಂಬುದು ಬ್ರಿಟನ್ನಿನ ಪುರಾತನ ನಾಮ. ಭಟ್ಟಿ ಕೆಲವೇ ವರ್ಷಗಳಲ್ಲಿ ಮುಚ್ಚಿತಾದರೂ ಅಮೆರಿಕದ ಕ್ರಾಫ್ಟ್ ಬಿಯರಿನ ವಂಶವೃಕ್ಷ ಅಲ್ಲಿಂದಲೇ ಕವಲೊಡೆಯಿತು. 1980ರಲ್ಲಿ ಸಿಯೆರಾ ನೆವಾಡಾದವರು ತಮ್ಮ ಪೇಲ್ ಏಲಿಗೆ ಬಳಸಿ ಪ್ರಸಿದ್ಧಗೊಳಿಸಿದ ಕ್ಯಾಸ್ಕೇಡ್ ಎಂಬ ಹಾಪ್, ಇಂಗ್ಲೆಂಡಿನ ಫಗಲ್ ಎಂಬ ತಳಿಯ ಸಂತಾನ. ಆಂಗ್ಲನು ಅಮೆರಿಕದಲ್ಲಿ ಕೂತು ಮುಖ ಸಿಂಡರಿಸುವ ಕಹಿ ಅವನದೇ ಮನೆಯ ಮೊಮ್ಮಗಳು. ಮದದ ಮಾತು ಬಂದರೆ, ಕ್ಯಾಂಪಿನ ಕಾಲದ ಐಪಿಎ ಇಂದಿನ ಅಮೆರಿಕದ ಐಪಿಎಯಷ್ಟೇ ಬಲವಾಗಿತ್ತು. ಅದೇ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಈಗ ಮಾರಾಟವಾಗುವ ಕೆಲವು ಬಿಯರುಗಳು ಶೇಕಡ 4ನ್ನೂ ಮುಟ್ಟುವುದಿಲ್ಲ. ಮನ್ರೋನ ಸಂಗಡಿಗನೊಬ್ಬ ಇಂದು ಎದ್ದುಬಂದರೆ ತವರಿನ ರುಚಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಗುರುತಿಸಿಯಾನು, ಲಂಡನ್ನಿನಲ್ಲಿ ಕುಂಯ್‌ಗುಟ್ಟಿಯಾನು.

ಸಸ್ಯಶಾಸ್ತ್ರದ ಒಂದು ಅನುಬಂಧ ಇಲ್ಲಿ ಸಲ್ಲುತ್ತದೆ. ಹಾಪ್ ಬಳ್ಳಿಯೂ ಗಾಂಜಾ ಗಿಡವೂ ಒಂದೇ ಕುಟುಂಬದವು. 1878ರ ಮುಂಬಯಿ ಅಬಕಾರಿ ಕಾಯಿದೆ ಬೆಳಗಾವಿಯ ಸೀಮೆಯ ಶೇಂದಿ ಸಾರಾಯಿಗಳಿಗೆ ಸುಂಕದ ಲಗಾಮು ಹಾಕಿತು. 1893ರಲ್ಲಿ ಸರ್ಕಾರ ಭಂಗಿ ಗಾಂಜಾಗಳ ಗುಣದೋಷವನ್ನು ಅರಿಯಲು ಒಂದು ಆಯೋಗವನ್ನೇ ನೇಮಿಸಿತು. ಸಾಕ್ಷಿಗಳ ವಿಚಾರಣೆ ಮುಗಿಸಿ ಸಂಜೆ ಕ್ಲಬ್ಬಿಗೆ ಬಂದ ಸಾಹೇಬನ ಗ್ಲಾಸಿನಲ್ಲಿ ಆಪಾದಿತನ ಸೋದರಸಂಬಂಧಿ ನೊರೆಯಾಡುತ್ತಿತ್ತು.

ದೇಶದಲ್ಲಿಯೇ ತಯಾರಾದ ಬಿಯರಿನ ಪಾಡು ಹಿತ್ತಲ ಗಿಡದ್ದು. ಎಡ್ವರ್ಡ್ ಡಯರ್ ಎಂಬಾತ 1855ರಲ್ಲಿ ಹಿಮಾಲಯದ ಕಸೌಲಿಯಲ್ಲಿ ಭಟ್ಟಿ ಹೂಡಿ ಲಯನ್ ಬಿಯರಿಗೆ ದಾರಿ ಮಾಡಿದನು. ಅವನ ಮಗನೇ ಜಲಿಯನ್‌ವಾಲಾ ಬಾಗಿನ ಜನರಲ್ ಡಯರ್ ಎಂಬುದರಿಂದ ಆ ಮನೆತನದ ಹೆಸರನ್ನು ಈ ದೇಶ ನೊರೆಗಾಗಿ ನೆನೆಯುವುದಿಲ್ಲ. ದಕ್ಷಿಣದಲ್ಲಿ 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ ಐದು ಭಟ್ಟಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದನು. ಎತ್ತಿನ ಗಾಡಿಗಳಲ್ಲಿ ಪೀಪಾಯಿಗಳನ್ನು ಹೇರಿ ಬ್ರಿಟಿಷ್ ಪಡೆಗಳಿಗೆ ಮುಟ್ಟಿಸುತ್ತಿದ್ದರೆಂದು ಆ ಕಂಪನಿಯ ಚರಿತ್ರೆ ಹೇಳುತ್ತದೆ. ಅಲ್ಲಿಯೂ ದುಡಿದದ್ದು ಎತ್ತುಗಳೇ.

ಆಂಗ್ಲರ ಬಗ್ಗೆ ಇಷ್ಟು ಹೇಳಿದ ಮೇಲೆ ಬೆಳಗಾವಿಯವರನ್ನು ವಿಚಾರಣೆಯಿಂದ ಬಿಟ್ಟರೆ ಪಕ್ಷಪಾತವಾದೀತು. 2011ರ ಸುಮಾರಿಗೆ ಬೆಂಗಳೂರಿನಲ್ಲಿ ಸಣ್ಣ ಭಟ್ಟಿಗಳು ತೆರೆದುಕೊಂಡವು. ನೌಕರಿಗೆಂದು ಅಲ್ಲಿಗೆ ಹೋದ ಬೆಳಗಾವಿಯ ತರುಣನೂ ಈಗ ಐಪಿಎ ಎಂಬ ಹೆಸರನ್ನು ಹಲಗೆಯ ಮೇಲೆ ಓದಿ, ಅದನ್ನು ಅಮೆರಿಕದ ವಸ್ತುವೆಂದು ಬಗೆದು ಕುಡಿಯುತ್ತಾನೆ. ಅದರ ಮೊದಲ ಅಕ್ಷರವೇ ತನ್ನ ಊರಿನ ಓಣಿಗಳನ್ನು ಒಳಗೊಂಡ ದೇಶದ ಮುದ್ರೆ ಎಂಬುದನ್ನು ಅವನು ಗಮನಿಸಿರುವುದಿಲ್ಲ. ಬಳಿಕ ಗ್ಲಾಸನ್ನು ಕೆಳಗಿಟ್ಟು, "ಏನ ಅನ್ರಿ, ಗೋವಾದಾಗ ಕುಡದಿದ್ರ ಮಜಾನ ಬ್ಯಾರೆ" ಎನ್ನುತ್ತಾನೆ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳನ್ನು ಹಾದು ಚೋರ್ಲಾ ಘಾಟ್ ಇಳಿದವನ ನಾಲಗೆಗೆ ಅದೇ ಕಂಪನಿಯ ಅದೇ ಬಿಯರು ಬೇರೆಯೇ ಆಗಿ ತೋರುವುದಕ್ಕೆ ನೀರು, ಗಾಳಿ, ಕಡಲು ಎಂದು ನಾನಾ ಕಾರಣಗಳನ್ನು ಕೊಡಲಾಗುತ್ತದೆ. ಗೋವಾದ ಅಬಕಾರಿ ಸುಂಕ ಕರ್ನಾಟಕದ್ದಕ್ಕಿಂತ ಕಡಿಮೆ. ಭರತನು ಎಣಿಸಿದ ರಸಗಳಲ್ಲಿ ಇದು ಸೇರಿಲ್ಲವಾದ್ದರಿಂದ 'ದರರಸ' ಎಂದು ಹೊಸ ಹೆಸರು ಕೊಡಬಹುದು. ಸ್ಥಾಯಿಭಾವ ಉಳಿತಾಯ, ಸಂಚಾರಿಭಾವ ಮರಳುವಾಗಿನ ಚೆಕ್‌ಪೋಸ್ಟು.

ಇನ್ನುಳಿದದ್ದು ಅಳತೆಯ ದೂರೊಂದೇ, ಅದನ್ನು ಮೊದಲೇ ನಿರ್ವಿವಾದವೆಂದು ಒಪ್ಪಲಾಗಿದೆ. ಇಂಗ್ಲೆಂಡಿನ ಪಿಂಟು 568 ಮಿಲಿಲೀಟರು, ಅಮೆರಿಕದ್ದು 473. ಕ್ಯಾಂಪಿನ ಅಂಗಡಿಯಲ್ಲಿ ಹಳೆಯ ಪತ್ರಿಕೆ ಸುತ್ತಿ ಕೊಡುವ ದೊಡ್ಡ ಬಾಟ್ಲಿ 650.