ಕಡಲಿಗೆ ಹೊರಟ ಕ್ಯಾರವಾನು

(ಶಿಡ್ಲಘಟ್ಟ. ರೇಷ್ಮೆಗೂಡಿನ ಮಾರುಕಟ್ಟೆ ಎದುರಿನ ಟೀ ಅಂಗಡಿ.)

ಹುಡುಗ: ಚಿಕ್ಕಪ್ಪಾ, ಗೂಡು ಸಾಗಿಸೋ ಟೆಂಪೋನೇ ಕ್ಯಾರವಾನ್ ಮಾಡಿದೀನಿ. ಹುಳು ಗೂಡು ಕಟ್ಟೋ ಚಂದ್ರಿಕೆನೇ ಮರೆ, ಚಿಂತಾಮಣಿ ಟೊಮ್ಯಾಟೊ ಕ್ರೇಟೇ ಕುರ್ಚಿ. ಹೊರಡಿ ಕರಾವಳಿಗೆ!

ಚಿಕ್ಕಪ್ಪ: ಹುಳು ನಾಲ್ಕನೇ ಜ್ವರ ಎದ್ದಿವೆ ಕಣೋ. ಸೊಪ್ಪು ಬಿಟ್ಟು ಬಂದ್ರೆ ನಿಮ್ ಚಿಕ್ಕಮ್ಮ ನನ್ನನ್ನೇ ಚಂದ್ರಿಕೆಗೆ ಹಾಕ್ತಾಳೆ. ಅಲ್ಲೇನಿದೆ?

ಹುಡುಗ: ಮರವಂತೆ! ಹೆದ್ದಾರಿ 66ರ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ.

ಚಿಕ್ಕಪ್ಪ: ಎರಡೂ ಕಡೆ ನೀರಾ! ನಮ್ ಕಡೆ ಎರಡೂ ಕಡೆ ಬೋರ್‌ವೆಲ್ ಲಾರಿ.

ಹುಡುಗ: ಗೋಕರ್ಣದಲ್ಲಿ ಗಾಡಿ ನಿಲ್ಲಿಸಿ ನಡಿಗೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಗುಡ್ಡ ಹತ್ತಿಳಿದಂಗೆಲ್ಲ ಒಂದೊಂದು ಬೀಚು.

ಚಿಕ್ಕಪ್ಪ: ಹತ್ತಿಳಿಯೋಕೆ ನಂದಿಬೆಟ್ಟ ಸಾಲದಾ?

ಹುಡುಗ: ಭಾನುವಾರ ಅಲ್ಲಿ ಬೆಂಗಳೂರು ಕಾರುಗಳದ್ದೇ ಕಡಲು.

ಚಿಕ್ಕಪ್ಪ: ಪಡುವಣ ನೀರೇ ಇಲ್ಲಿಗೆ ಬರ್ತದಲ್ಲೋ. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ, 24 ಟಿಎಂಸಿ ಲೆಕ್ಕ. 2024ರಲ್ಲಿ ಸಕಲೇಶಪುರದ ಕಡೆ ಮೊದಲ ಹಂತಾನೂ ಚಾಲೂ ಆಯ್ತು.

ಹುಡುಗ: ಅದು ಕಾಲ್ನಡಿಗೇಲಿ ಬರ್ತಿದೆ ಚಿಕ್ಕಪ್ಪಾ. ನಾವು ಗಾಡೀಲಿ ಹೋಗಿ ಎದುರುಗೊಳ್ಳೋಣ.

ಚಿಕ್ಕಪ್ಪ: ಹಂಗಾದ್ರೆ ನಡಿ. ಎರಡು ಖಾಲಿ ಕ್ಯಾನೂ ಇಟ್ಕೋ.

(ಅಂಗಡಿಯವನು ಲೋಟ ತೊಳೆದ ನೀರನ್ನು ಚೆಲ್ಲದೆ, ಕುಂಡದ ತುಳಸಿಗೆ ಹುಷಾರಾಗಿ ಹಾಕುತ್ತಾನೆ.)